ಬೇರು ಬಿಡಿಸುವ ಕೈ

ಹೇಮಲತಾ ಹೊಡೆದ ಏಟಿನ ಸದ್ದು ಖಾಲಿ ಆಫೀಸಿನ ತುಂಬ ಕೇಳಿಸಿತು.

ಸೋಮವಾರ, ಬೆಳಿಗ್ಗೆ ಏಳೂವರೆ. ಎಲೆಕ್ಟ್ರಾನಿಕ್ ಸಿಟಿಯ ಆ ಗಾಜಿನ ಕಟ್ಟಡದ ನಾಲ್ಕನೇ ಮಹಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಏಟು ತಿಂದವನು ಕೆನ್ನೆಯನ್ನು ಮುಟ್ಟಿಕೊಳ್ಳಲೂ ಇಲ್ಲ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಆಗಷ್ಟೇ ಕತ್ತರಿಸಿದ ಕೊಂಬೆ. ಕೊಂಬೆಯ ತುದಿಯಿಂದ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು.

"ಯಾರ್ರೀ ನೀವು? ಯಾರನ್ನ ಕೇಳಿ ಇದಕ್ಕೆ ಕೈ ಹಾಕಿದ್ರಿ?"

ಕಿಟಕಿಯ ಪಕ್ಕ ಅವಳೆತ್ತರಕ್ಕೆ ಬೆಳೆದು ನಿಂತಿದ್ದ ರಬ್ಬರ್ ಗಿಡ ಈಗ ಅವಳ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು. ಅಗಲವಾದ ಕರಿಹಸಿರು ಎಲೆಗಳು ನೆಲದ ಮೇಲೆ ರಾಶಿ ಬಿದ್ದಿದ್ದವು.

"ಶಿವಶಂಕರ್, ಮೇಡಂ. ಬೇಗೂರಲ್ಲಿ ನರ್ಸರಿ ಇದೆ. ಇವತ್ತಿಂದ ನಿಮ್ಮ ಆಫೀಸಿನ ಗಿಡಗಳ ಕಾಂಟ್ರಾಕ್ಟ್ ನಮ್ದು," ಎಂದ ಅವನು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಮಾತು ಮಾತ್ರ ಮೆತ್ತಗಿತ್ತು. "ಇನ್ನೊಂದು ಏಟು ಹೊಡೀರಿ, ಪರವಾಗಿಲ್ಲ. ಆದ್ರೆ ಮೊದ್ಲು ಬುಡ ನೋಡ್ಬಿಡಿ."

ಅವನು ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಮೆಲ್ಲಗೆ ತಟ್ಟಿ, ಗಿಡವನ್ನು ಹೊರಗೆಳೆದ. ಒಳಗೆ ಮಣ್ಣೇ ಉಳಿದಿರಲಿಲ್ಲ. ಜಾಗ ಸಾಲದೆ ಬೇರುಗಳು ಕುಂಡದ ಆಕಾರಕ್ಕೇ ಸುತ್ತಿ ಸುತ್ತಿ ಹಗ್ಗದ ಸಿಂಬಿಯಂತಾಗಿದ್ದವು. ಕೆಳಗಿನವು ಕಪ್ಪಾಗಿ, ಕೊಳೆತು ವಾಸನೆ ಹೊಡೆಯುತ್ತಿದ್ದವು.

"ಕೆಳಗಿನ ತೂತು ಮುಚ್ಚೋಗಿ ನೀರು ನಿಂತಿದೆ. ಇದ್ರಲ್ಲಿ ಅರ್ಧ ಬೇರು ತೆಗೀಲೇಬೇಕು. ಉಳಿದ ಅರ್ಧಕ್ಕೆ ಅಷ್ಟೊಂದು ಎಲೆಗೆ ನೀರು ಕೊಡೋಕಾಗಲ್ಲ. ಅದಕ್ಕೇ ಮೇಲೆ ಕತ್ತರಿಸ್ದೆ. ಇನ್ನೊಂದು ತಿಂಗಳು ಹಿಂಗೇ ಬಿಟ್ಟಿದ್ರೆ ಗಿಡ ಹೋಗ್ತಿತ್ತು."

ಹೇಮಲತಾ ಬೇರುಗಳನ್ನು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಯಾರ ಮೇಲೂ ಕೈ ಎತ್ತಿದವಳಲ್ಲ.

'ನಾನೂ ನನ್ನ ಗಂಡನ ಹಾಗೇ ಆಗ್ಬಿಟ್ನಾ...'

ಅಲ್ಲೇ ಎಲೆಗಳ ನಡುವೆ ಕುಳಿತು ಅತ್ತುಬಿಟ್ಟಳು. ಶಿವಶಂಕರ ಸಮಾಧಾನ ಹೇಳಲು ಹೋಗಲಿಲ್ಲ. ಸ್ವಲ್ಪ ದೂರ ಸರಿದು ಕುಳಿತು, ಕತ್ತರಿಯ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೊಳೆತ ಬೇರುಗಳನ್ನು ಒಂದೊಂದಾಗಿ ತೆಗೆಯತೊಡಗಿದ.

ಆ ಗಿಡ ಅವಳ ಗಂಡನ ಮನೆಯಿಂದ ಬಂದದ್ದು. ಅಲ್ಲಿಂದ ಅವಳು ತಂದದ್ದು ಅದೊಂದೇ.

ಹೇಮಲತಾಳ ತಂದೆ ಚನ್ನವೀರಪ್ಪ ರಾಣೇಬೆನ್ನೂರಿನವರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಮೇಲೆ ಬೇಗೂರು ರಸ್ತೆಯ ಅಪಾರ್ಟ್‌ಮೆಂಟೊಂದರಲ್ಲಿ ನೆಲೆಸಿದ್ದರು. ತಮ್ಮವರಲ್ಲೇ ಹುಡುಕಿ, ವೈಟ್‌ಫೀಲ್ಡಿನ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ಗುರುರಾಜನಿಗೆ ಮಗಳನ್ನು ಕೊಟ್ಟಿದ್ದರು. ಮದುವೆಮನೆಯಲ್ಲಿ ಎಲ್ಲರೂ ಅಳಿಯನ ವಿನಯವನ್ನು ಹೊಗಳಿದ್ದರು.

ಮೊದಲ ಏಟು ಬಿದ್ದದ್ದು ನಾಲ್ಕನೇ ತಿಂಗಳಲ್ಲಿ. ಅವನ ಸ್ನೇಹಿತರ ಮುಂದೆ ಅವನು ಹೇಳಿದ ಇಂಗ್ಲಿಷ್ ಪದವೊಂದನ್ನು ಅವಳು ನಗುತ್ತ ತಿದ್ದಿದ್ದಳು. ಆಮೇಲೆ ಯಾವ ಕಾರಣವಾದರೂ ಸಾಕಾಗುತ್ತಿತ್ತು. ಬಟ್ಟೆ ಮುಚ್ಚುವ ಕಡೆ ನೋಡಿಯೇ ಹೊಡೆಯುತ್ತಿದ್ದ. ಎರಡನೇ ವರ್ಷ ಅವಳ ಬಲಗೈಯನ್ನು ಬಾಲ್ಕನಿ ಬಾಗಿಲ ಸಂದಿಗೆ ಹಿಡಿದಿಟ್ಟು ಬಾಗಿಲು ಎಳೆದ. ತೋರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತು.

ಎರಡು ಸಲ ಅವಳು ತವರಿಗೆ ಓಡಿ ಬಂದಿದ್ದಳು. ಎರಡು ಸಲವೂ ತಾಯಿ ಬಸಮ್ಮ, "ಸಿಟ್ಟಿನ ಮನಷ್ಯಾ ಅದಾನ. ದಿನಾ ಹೋದಂಗ ಸರಿ ಹೋಗ್ತಾನ ತಗೊ," ಎಂದು ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದರು.

ಮೂರನೇ ಸಲ ಅವಳು ಮನೆ ಬಿಟ್ಟ ದಿನ ಗುರುರಾಜ ಎತ್ತಿ ಎಸೆದದ್ದು ಮನೆಯೊಳಗಿನ ಗಿಡದ ಕುಂಡವನ್ನು. ಅದು ಅವಳ ಎಡಭುಜಕ್ಕೆ ಬಡಿದು ಚೂರಾಯಿತು. ಕೊರಳ ಕೆಳಗಿನ ಮೂಳೆ ಮುರಿಯಿತು. ಅವನು ಏನೂ ಆಗದವನಂತೆ ಸ್ನಾನಕ್ಕೆ ಹೋದ. ಹೇಮಲತಾ ಆ ಗಿಡದ ಬೇರನ್ನು ದುಪಟ್ಟಾದಲ್ಲಿ ಸುತ್ತಿ, ಒಂದೇ ಕೈಯಲ್ಲಿ ಅಪ್ಪಿ ಹಿಡಿದು ಆಟೋ ಹತ್ತಿದಳು. ಅದನ್ನೇ ಯಾಕೆ ತಂದಳೋ ಅವಳಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ, ಅಷ್ಟೇ.

ಅದಾಗಿ ಒಂದೂವರೆ ವರ್ಷ ಕಳೆದಿತ್ತು. ವಿಚ್ಛೇದನದ ಕೇಸು ನಡೆಯುತ್ತಿತ್ತು. ಗುರುರಾಜ ಅವಳ ಮನೆಯ, ಆಫೀಸಿನ ಹತ್ತಿರ ಸುಳಿಯಬಾರದೆಂದು ಕೋರ್ಟು ಆದೇಶ ಮಾಡಿತ್ತು. ಅವಳು ಈ ಕಂಪನಿಯಲ್ಲಿ ಅಡ್ಮಿನ್ ಕೆಲಸಕ್ಕೆ ಸೇರಿ, ಬೆಳಕಿಲ್ಲದ ತವರಿನ ಕೋಣೆಯಿಂದ ಗಿಡವನ್ನು ಇಲ್ಲಿಯ ಕಿಟಕಿಗೆ ತಂದಿಟ್ಟಿದ್ದಳು.

ಗುರುವಾರ ಶಿವಶಂಕರ ಮತ್ತೆ ಬಂದಾಗ ಅವಳು ಲಿಫ್ಟಿನ ಬಳಿಯೇ ಕಾಯುತ್ತಿದ್ದಳು.

"ಸಾರಿ. ಅವತ್ತು ನಾನು ಹೊಡೀಬಾರ್ದಿತ್ತು."

"ಕೇಳ್ದೆ ಕತ್ತರಿಸಿದ್ದು ನನ್ನ ತಪ್ಪು ಮೇಡಂ. ನಿಮ್ಮ ಸ್ವಂತದ್ದು ಅಂತ ಗೊತ್ತಿರ್ಲಿಲ್ಲ."

"ನನಗೂ ಕಲಿಸ್ತೀರಾ? ಹೇಗೆ ಕತ್ತರಿಸೋದು, ಹೇಗೆ ಕುಂಡ ಬದಲಿಸೋದು ಅಂತ?"

ಅವನ ಕಣ್ಣು ಒಂದು ಕ್ಷಣ ಅವಳ ಸೊಟ್ಟ ಬೆರಳಿನ ಮೇಲೆ ನಿಂತಿತು. ಮುಂದಿನ ಸೋಮವಾರ ಬರುವಾಗ ಒಂದು ಚಿಕ್ಕ ಕತ್ತರಿ ತಂದ. ಅದರ ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದ್ದ. ತೋರುಬೆರಳಿಗೆ ಕೆಲಸವೇ ಬೀಳದಂತೆ ಉಳಿದ ಬೆರಳುಗಳಲ್ಲೇ ಅದನ್ನು ಅದುಮಬಹುದಿತ್ತು.

"ಹಿಡಿದು ನೋಡಿ ಮೇಡಂ. ನೋಯುತ್ತಾ?"

"ಇಲ್ಲ," ಎಂದಳು ಹೇಮಲತಾ. ಅಂದು ಸಂಜೆ ಬೊಮ್ಮನಹಳ್ಳಿ ದಾಟುವವರೆಗೂ ಬಸ್ಸಿನ ನೂಕುನುಗ್ಗಲಿನಲ್ಲಿ, ಬ್ಯಾಗಿನೊಳಗೆ ಕೈಯಿಟ್ಟು ಆ ಕತ್ತರಿಯನ್ನು ಹಿಡಿದುಕೊಂಡೇ ನಿಂತಿದ್ದಳು.

ಅವನು ಕಲಿಸುವ ರೀತಿಯೇ ಬೇರೆ. "ಈ ಗಂಟು ಕಾಣ್ತಿದ್ಯಲ್ಲ, ಇದರ ಮೇಲೆ ಅರ್ಧ ಬೆರಳು ಬಿಟ್ಟು ಓರೆಯಾಗಿ ಕತ್ತರಿಸಿ. ಚಿಗುರು ಬರೋದು ಇಲ್ಲಿಂದಾನೇ." "ಹಳೇದಕ್ಕಿಂತ ಎರಡು ಬೆರಳು ಅಗಲದ ಕುಂಡ ಸಾಕು. ಪ್ರೀತಿಗೆ ಅಂತ ಬಕೆಟ್ಟಿನಷ್ಟು ದೊಡ್ಡದು ತಂದ್ರೆ ಮಣ್ಣು ಒಣಗಲ್ಲ, ಬೇರು ಕೊಳೆಯುತ್ತೆ." "ಬದಲಿಸಿದ ವಾರ ಬಿಸಿಲಿಗೆ ಇಡ್ಬೇಡಿ, ಗೊಬ್ಬರ ಹಾಕ್ಬೇಡಿ. ಸುಧಾರಿಸ್ಕೊಳ್ಳೋಕೆ ಬಿಡಿ."

ಮೂರನೇ ವಾರದಿಂದ ಅವಳು ಶನಿವಾರಗಳಂದು ಬೇಗೂರಿನ ನರ್ಸರಿಗೇ ಹೋಗತೊಡಗಿದಳು. ಅಲ್ಲಿ ಶಿವಶಂಕರನ ತಂಗಿ ವನಜಾ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸೇರಿಸಿ ಹದ ಮಾಡುತ್ತಿದ್ದಳು. ಕಡಿಮೆ ಮಾತಿನ ಹೆಣ್ಣು. ಹೇಮಲತಾ ಬಂದರೆ ಮಾತ್ರ ಅವಳ ಮುಖ ಅರಳುತ್ತಿತ್ತು.

ಹೇಮಲತಾಳಿಗೆ ಇಷ್ಟವಾಗುತ್ತಿದ್ದದ್ದು ಅವನು ಬೇರು ಬಿಡಿಸುವುದನ್ನು ನೋಡುವುದು. ಸಿಕ್ಕುಗಟ್ಟಿದ ಬೇರಿನ ಉಂಡೆಯನ್ನು ನೀರಿನಲ್ಲಿ ನೆನೆಸಿ, ಎಳೆ ಮಗುವಿನ ತಲೆ ಬಾಚುವವನಂತೆ ಬೆರಳಾಡಿಸುತ್ತಿದ್ದ. ಎಳೆಯುತ್ತಿರಲಿಲ್ಲ. ಒಂದೊಂದು ಬೇರೂ ತಾನಾಗಿ ಬಿಟ್ಟುಕೊಳ್ಳುವ ತನಕ ಕಾಯುತ್ತಿದ್ದ.

'ಈ ಕೈ ಯಾರಿಗೂ ನೋವು ಮಾಡಿರಲ್ಲ...' ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತಾನೇ ಬೆಚ್ಚಿದಳು. ಇನ್ನೊಬ್ಬ ಗಂಡಸಿನ ಕೈಯನ್ನು ನೋಡುತ್ತ ಕೂರುವ ದಿನ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಗುರುರಾಜನ ಮೆಸೇಜು ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ಅವಳು ಊಟದ ಡಬ್ಬಿ ಬಿಚ್ಚುವಾಗ. ಹೊಸ ನಂಬರು. ಒಂದು ಹಳೇ ಪತ್ರಿಕೆಯ ತುಣುಕಿನ ಫೋಟೋ.

'ತಂಗಿಯ ಗಂಡನ ಮೇಲೆ ಕಬ್ಬಿಣದ ರಾಡಿನಿಂದ ಹಲ್ಲೆ: ಬೇಗೂರಿನ ಯುವಕನ ಬಂಧನ.' ಪಕ್ಕದಲ್ಲಿ ಆರು ವರ್ಷ ಚಿಕ್ಕವನಾದ ಶಿವಶಂಕರ, ಇಬ್ಬರು ಪೊಲೀಸರ ನಡುವೆ.

ಕೆಳಗೆ ಒಂದು ಸಾಲು: 'ನನ್ನ ಏಟು ತಡೀಲಿಲ್ಲ. ಈ ರೌಡಿಯದ್ದು ಚೆನ್ನಾಗಿದ್ಯಾ?'

ಗುರುರಾಜ ತನ್ನನ್ನು ಹಿಂಬಾಲಿಸುತ್ತಿದ್ದಾನೆಂದು ಅವಳಿಗೆ ಆಗ ತಿಳಿಯಿತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಫೋಟೋ. ಡಬ್ಬಿಯ ಜೋಳದ ರೊಟ್ಟಿ ಹಾಗೇ ಉಳಿಯಿತು.

ಶನಿವಾರ ನರ್ಸರಿಗೆ ಹೋಗಿ ಫೋನನ್ನು ಅವನ ಮುಂದೆ ಹಿಡಿದಳು.

"ಇದು ನೀವಾ?"

ಶಿವಶಂಕರ ಮಣ್ಣು ಮೆತ್ತಿದ ಕೈಗಳನ್ನು ನಿಧಾನವಾಗಿ ಒರೆಸಿಕೊಂಡ. "ಹೌದು ಮೇಡಂ."

"ಹೊಡೆದಿದ್ದು ನಿಜಾನಾ?"

"ನಿಜ. ಅವನ ಕಾಲು ಮುರೀತು. ಹನ್ನೊಂದು ತಿಂಗಳು ಪರಪ್ಪನ ಅಗ್ರಹಾರದ ಜೈಲಲ್ಲಿದ್ದೆ."

"ಯಾಕೆ?"

ಅವನು ತಿರುಗಿ ನೋಡಿದ. ಹತ್ತು ಹೆಜ್ಜೆ ಆಚೆ ನಲ್ಲಿಯ ಬಳಿ ವನಜಾ ಕುಂಡ ತೊಳೆಯುತ್ತಿದ್ದಳು.

"ಅದು ನಾನು ಹೇಳೋ ವಿಷಯ ಅಲ್ಲ ಮೇಡಂ."

"ನನ್ನ ಗಂಡನ ಹತ್ರಾನೂ ಯಾವಾಗ್ಲೂ ಒಂದು ಕಾರಣ ಇರ್ತಿತ್ತು." ಅವಳು ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. "ನಾನು ನಿಮ್ಮನ್ನ... ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ. ಹೊಡೆಯೋ ಕೈ ಯಾವತ್ತಿದ್ರೂ ಹೊಡೆಯುತ್ತೆ. ನನಗೆ ಇನ್ನೊಂದು ಬೇಡ. ಇನ್ಮೇಲೆ ಕೆಲಸ ಎಷ್ಟೋ ಅಷ್ಟೇ ಮಾತಾಡಿ."

ಅವನು ತಡೆಯಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ನೋಡಿದಾಗ ಅವನು ಅಲ್ಲೇ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಹತ್ತು ದಿನ ಹಾಗೇ ಕಳೆದವು. ಆಫೀಸಿನ ಎಪ್ಪತ್ತು ಕುಂಡಗಳನ್ನು ಬದಲಿಸಲು ಮೊದಲೇ ನಿಗದಿಯಾಗಿದ್ದ ಮಂಗಳವಾರ ಬಂತು. ಗಿಡಗಳನ್ನೆಲ್ಲ ಬೇಸ್‌ಮೆಂಟಿಗೆ ಇಳಿಸಿ, ಪಾರ್ಕಿಂಗಿನ ಒಂದು ಮೂಲೆಯಲ್ಲಿ ಸಾಲಾಗಿ ಇಡಲಾಗಿತ್ತು. ಶಿವಶಂಕರ ಒಬ್ಬನೇ ಮಣ್ಣಿನ ರಾಶಿಯ ಪಕ್ಕ ಕುಳಿತು ಕೆಲಸ ಮಾಡುತ್ತಿದ್ದ. ಹನ್ನೊಂದು ಗಂಟೆಗೆ ಲೆಕ್ಕ ನೋಡಲು ಹೇಮಲತಾ ಕೆಳಗಿಳಿದಳು. ಅವನು ತಲೆ ಎತ್ತಲಿಲ್ಲ.

'ಒಂದ್ಸಲ ನೋಡಿದ್ರೆ ಏನಾಗುತ್ತೆ...' ಎಂದು ಅನ್ನಿಸಿ, ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾಗುತ್ತಿರುವಾಗ ಹಿಂದಿನಿಂದ ಆ ದನಿ ಕೇಳಿಸಿತು.

"ನನ್ನನ್ನ ಕೋರ್ಟಿಗೆ ಎಳೆದು, ನೀನು ಇಲ್ಲಿ ಮಾಲಿ ಜೊತೆ ಮಣ್ಣಾಟ ಆಡ್ತಿದ್ದೀಯಾ ಹೇಮಾ?"

ವಾಹನಗಳು ಇಳಿಯುವ ದಾರಿಯಿಂದ ಗುರುರಾಜ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೆಲ್ಮೆಟ್ಟು. ದನಿ ಮೆಲ್ಲಗಿತ್ತು. ಹೊಡೆಯುವ ಮುಂಚೆ ಅವನ ದನಿ ಯಾವಾಗಲೂ ಮೆಲ್ಲಗಾಗುತ್ತಿತ್ತು. ಅದು ಗೊತ್ತಿದ್ದ ಅವಳ ಮೈ ಕಲ್ಲಾಯಿತು.

ಗುರುರಾಜ ಮೊದಲ ಸಾಲಿನ ಕುಂಡಗಳನ್ನು ಒದ್ದ. ಒಂದರ ಮೇಲೊಂದು ಬಿದ್ದು ಒಡೆದವು. ಎರಡೇ ಹೆಜ್ಜೆಗೆ ಅವಳ ಬಳಿ ಬಂದು, ಜಡೆಗೆ ಕೈ ಹಾಕಿ, ತಲೆಯನ್ನು ಸಿಮೆಂಟಿನ ಕಂಬಕ್ಕೆ ಅಪ್ಪಳಿಸಿದ. ಅವಳ ಕಣ್ಣ ಮುಂದೆ ಬೆಳಕು ಒಡೆದಂತಾಯಿತು. ಬಾಯಲ್ಲಿ ರಕ್ತದ ರುಚಿ. ಇನ್ನೊಮ್ಮೆ ಅಪ್ಪಳಿಸಲು ಅವನು ಜಡೆ ಎಳೆದಾಗ ಯಾರೋ ಅವನ ಕೈಯನ್ನು ಬಿಡಿಸಿದರು.

ಶಿವಶಂಕರ ಇಬ್ಬರ ನಡುವೆ ಬಂದು ನಿಂತಿದ್ದ.

"ಸಾರ್, ಬಿಟ್ಬಿಡಿ. ಹೊರಟ್ಹೋಗಿ."

ಗುರುರಾಜ ಹೆಲ್ಮೆಟ್ಟಿನಿಂದ ಅವನ ಮುಖಕ್ಕೆ ಬೀಸಿದ. ಹುಬ್ಬು ಸೀಳಿ ರಕ್ತ ಇಳಿಯಿತು. ಶಿವಶಂಕರ ಕೈ ಎತ್ತಲಿಲ್ಲ. ಗುರುರಾಜನ ಎರಡೂ ತೋಳುಗಳನ್ನು ಸೇರಿಸಿ ಬಿಗಿಯಾಗಿ ತಬ್ಬಿ ಹಿಡಿದ.

"ಮೇಡಂ, ಓಡಿ. ಲಿಫ್ಟ್ ಕಡೆ ಓಡಿ."

"ಹೊಡಿಯೋ, ಗಂಡಸಾದ್ರೆ ಹೊಡಿ," ಗುರುರಾಜ ಹಲ್ಲು ಕಚ್ಚಿದ. "ನಿನ್ನ ಜಾತಕ ಎಲ್ಲ ನನ್ನ ಹತ್ರ ಇದೆ. ಒಂದೇ ಒಂದು ಏಟು ಹೊಡಿ, ಮತ್ತೆ ಒಳಗೆ ಕಳಿಸ್ತೀನಿ."

ಅವನು ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿ ಬಿಡಿಸಿಕೊಂಡ. ಎರಡನೇ ಏಟು ಕಿವಿಯ ಮೇಲೆ ಬಿತ್ತು. ಮೂರನೆಯದು ನೆತ್ತಿಗೆ. ಶಿವಶಂಕರ ಮಂಡಿಯೂರಿ ಕುಸಿದ. ಒಡೆದ ಕುಂಡದ ಚೂರುಗಳ ಮೇಲೆ ಕೈ ಊರಿದರೂ ಅವನ ಬಾಯಲ್ಲಿ ಒಂದೇ ಮಾತು. "ಓಡಿ ಮೇಡಂ..."

ಗುರುರಾಜ ಬಾಗಿದ ಆ ತಲೆಯ ಮೇಲೆ ನಾಲ್ಕನೇ ಸಲ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿದ.

ಹೇಮಲತಾ ಓಡಲಿಲ್ಲ.

ಮಣ್ಣಿನ ರಾಶಿಗೆ ಚುಚ್ಚಿ ನಿಲ್ಲಿಸಿದ್ದ ಸಲಿಕೆ ಅವಳ ಕೈಗೆ ಹೇಗೆ ಬಂತೋ. ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಎತ್ತಿದ ಕೈಗೆ ಸಲಿಕೆ ಬಡಿದು ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಲ್ಮೆಟ್ಟು ಉರುಳಿತು. ಎರಡನೇ ಏಟು ಅವನ ಮಂಡಿಗೆ. ಗುರುರಾಜ ಅರಚುತ್ತ ಕೆಳಗೆ ಬಿದ್ದ. ಮೂರು ವರ್ಷ ಅವಳು ಎಷ್ಟು ಸಲ ಹೀಗೆ ನೆಲದ ಮೇಲೆ ಬಿದ್ದಿದ್ದಳು... ಅವಳು ಸಲಿಕೆಯನ್ನು ಮೂರನೇ ಸಲ ತಲೆಯ ಮೇಲೆತ್ತಿದಳು. ಈ ಸಲ ಅವನ ತಲೆಗೇ ಗುರಿಯಿಟ್ಟಿದ್ದಳು.

ರಕ್ತ ಮೆತ್ತಿದ ಒಂದು ಕೈ ಸಲಿಕೆಯ ಕಾವನ್ನು ಹಿಡಿಯಿತು.

"ಸಾಕು ಮೇಡಂ. ಬಿದ್ದಿದ್ದಾನೆ. ಸಾಕು."

ಅವಳು ಉಸಿರು ಬಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವನು ಸಲಿಕೆ ತೆಗೆದುಕೊಂಡ. ಮೇಲಿನಿಂದ ಸೆಕ್ಯುರಿಟಿಯವರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

"ನೀವು ಹೊಡೆದಿಲ್ಲ. ಕೇಳಿಸ್ತಾ? ನಿಮ್ಮ ಕೇಸು ನಡೀತಿದೆ, ಅದು ಹಾಳಾಗ್ಬಾರ್ದು. ಹೊಡೆದಿದ್ದು ನಾನು."

'ಇಲ್ಲ...' ಎನ್ನಲು ಅವಳು ಬಾಯಿ ತೆರೆದಳು. ಕಂಬ, ಕುಂಡಗಳು, ಅವನ ರಕ್ತದ ಮುಖ, ಎಲ್ಲವೂ ಒಂದು ಸುತ್ತು ತಿರುಗಿ ಕತ್ತಲಾಯಿತು.

ಅವಳು ಕಣ್ಣು ಬಿಟ್ಟಾಗ ಮಧ್ಯಾಹ್ನ ಎರಡು ಗಂಟೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ಬಸಮ್ಮ ಕುಳಿತಿದ್ದರು. ಕಾಲ ಬಳಿ ವನಜಾ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಏಳಬ್ಯಾಡವಾ, ತಲಿಗೆ ಪೆಟ್ಟು ಬಿದ್ದೈತಿ," ಎಂದರು ಬಸಮ್ಮ.

"ಅವರೆಲ್ಲಿ?"

"ಸ್ಟೇಷನ್ನಲ್ಲಿ," ವನಜಾ ಹೇಳಿದಳು. "ನಿಮ್ಮ ಗಂಡ ಕಂಪ್ಲೇಂಟ್ ಕೊಟ್ಟಿದ್ದಾರೆ, ಕೊಲೆ ಮಾಡೋಕೆ ಬಂದ ಅಂತ. ಅಣ್ಣ ಒಪ್ಕೊಂಡ್ಬಿಟ್ಟಿದ್ದಾನಂತೆ. ಹಳೇ ಕೇಸು ಬೇರೆ ಇದೆಯಲ್ಲ, ಈ ಸಲ ಬಿಡಲ್ಲ ಅಂತಿದ್ದಾರೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಅಕ್ಕ, ನಿಜ ಹೇಳಿ. ನಮ್ಮಣ್ಣ ಹೊಡೆದ್ನಾ? ಹೊರಗೆ ಬಂದ ದಿನ ನನಗೆ ಮಾತು ಕೊಟ್ಟಿದ್ದ, ಇನ್ನು ಯಾರ ಮೇಲೂ ಕೈ ಎತ್ತಲ್ಲ ಅಂತ."

"ಆರು ವರ್ಷದ ಹಿಂದೆ ಯಾಕೆ ಹೊಡೆದಿದ್ರು ವನಜಾ?"

ವನಜಾ ಮಂಚದ ಅಂಚಿಗೆ ಕುಳಿತಳು. "ನನಗೆ ಆಗ ಏಳು ತಿಂಗಳು. ನನ್ನ ಗಂಡ ಹೊಟ್ಟೆಗೇ ಒದ್ದ. ಮಗು ಹೋಯ್ತು. ಅಣ್ಣ ಆಸ್ಪತ್ರೆಯಿಂದ ಸೀದಾ ಅವನ ಮನೆಗೆ ಹೋದ... ಕೋರ್ಟಲ್ಲೂ ನನ್ನ ವಿಷಯ ಬಾಯಿ ಬಿಡ್ಲಿಲ್ಲ. ಊರಿನವರ ಬಾಯಿಗೆ ನಾನು ಬೀಳ್ಬಾರ್ದು ಅಂತ."

ಹೇಮಲತಾಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ತಾನು ಅವನಿಗೆ ಹೇಳಿದ ಒಂದೊಂದು ಮಾತೂ ನೆನಪಾಯಿತು. ಅವಳು ಎದ್ದು ಕುಳಿತಳು.

"ನಿಮ್ಮಣ್ಣ ಹೊಡೀಲಿಲ್ಲ ವನಜಾ. ಹೊಡೆದಿದ್ದು ನಾನು."

ಹೇಮಲತಾ ತಾಯಿಯ ಕಡೆ ತಿರುಗಿದಳು. 'ಸುಮ್ನಿರು, ಆದದ್ದು ಆತು ಅಂತಾಳೆ. ಈಗಲೂ ಹಾಗೇ ಅಂತಾಳೆ...'

ಬಸಮ್ಮ ಮಗಳ ಸೊಟ್ಟ ಬೆರಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಎರಡು ಸಲ ನಾನಽ ನಿನ್ನ ಅಂವನ ಬಾಗಿಲಿಗೆ ಒಯ್ದು ಬಿಟ್ಟೆ. ಒಯ್ಯೋ ಮುಂದ ನೀ ಬಸ್ಸಿನ್ಯಾಗ ನನ್ನ ಕೈ ಹಿಂಗಽ ಹಿಡಕೊಂಡಿದ್ದಿ." ಅವರು ಬೆರಳು ಬಿಡದೆ ಎದ್ದು ನಿಂತರು. "ನಡಿ. ಸ್ಟೇಷನ್ನಿಗೆ ನಾನೂ ಬರ್ತೀನಿ."

ಅವರು ಮೊದಲು ಹೋದದ್ದು ಆಫೀಸಿಗೆ. ಬೇಸ್‌ಮೆಂಟಿನ ಕ್ಯಾಮೆರಾಗಳು ಅಡ್ಮಿನ್ ವಿಭಾಗದ ಕೈಯಲ್ಲೇ ಇದ್ದವು. ತಲೆಗೆ ಪಟ್ಟಿ ಕಟ್ಟಿಕೊಂಡ ಹೇಮಲತಾ ತಾನೇ ಕುರ್ಚಿಯಲ್ಲಿ ಕುಳಿತು, ಹನ್ನೊಂದರಿಂದ ಹನ್ನೊಂದೂ ಕಾಲರ ತನಕದ ದೃಶ್ಯವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಪರದೆಯ ಮೇಲೆ ತನ್ನನ್ನು ತಾನು ನೋಡಿದಳು. ಸಲಿಕೆ ಬೀಸುವ ಆ ಹೆಂಗಸಿನ ಪರಿಚಯ ಅವಳಿಗೆ ಇರಲಿಲ್ಲ. ಆದರೂ ಅವಳ ಬಗ್ಗೆ ನಾಚಿಕೆಯೂ ಆಗಲಿಲ್ಲ.

ಸ್ಟೇಷನ್ನಿನ ಎಸ್‌ಐ ಹೆಂಗಸು. ದೃಶ್ಯವನ್ನು ಎರಡು ಸಲ ನೋಡಿದರು.

"ಮೇಡಂ, ಅವನೇ ಒಪ್ಕೊಂಡಿದ್ದಾನಲ್ಲ."

"ಸುಳ್ಳು ಹೇಳಿದ್ದಾರೆ. ನನಗೋಸ್ಕರ. ಹೊಡೆದಿದ್ದು ನಾನು, ಬರ್ಕೊಳ್ಳಿ. ಹೊಡೀದೆ ಇದ್ದಿದ್ರೆ ಅವರು ಸತ್ತೋಗ್ತಿದ್ರು."

"ನಿಮ್ಮ ಗಂಡ ಯಾಕೆ ನಿಮ್ಮ ಹೆಸರು ಹೇಳ್ಲಿಲ್ಲ?"

"ಹೆಂಡತಿ ಕೈಲಿ ಏಟು ತಿಂದೆ ಅಂತ ಬಾಯಿ ಬಿಟ್ಟು ಹೇಳ್ಬೇಕಲ್ಲ."

ಎಸ್‌ಐ ಕೋರ್ಟಿನ ಆದೇಶವನ್ನೂ ಓದಿದರು. "ಆದೇಶ ಮೀರಿ ಬಂದಿದ್ದಾನೆ, ಮೊದ್ಲು ಕೈ ಮಾಡಿದ್ದಾನೆ. ನೀವು ಮಾಡಿದ್ದು ಜೀವ ಉಳಿಸೋಕೆ. ಹೇಳಿಕೆ ಬರೆದುಕೊಡಿ, ಕರೆದಾಗ ಬರ್ಬೇಕು. ಅವನ ಮೇಲೆ ಬೇರೆ ಕೇಸು ಹಾಕ್ತೀನಿ." ಆಮೇಲೆ ಒಳಗಿನ ಕೋಣೆಯ ಕಡೆ ನೋಡಿ ದನಿ ಏರಿಸಿದರು. "ಅಲ್ಲಪ್ಪಾ ಶಿವಶಂಕರ್, ಪೊಲೀಸರಿಗೇ ಕಥೆ ಹೇಳ್ತೀಯಾ? ಬಾ ಹೊರಗೆ."

ಅವನು ಹೊರಗೆ ಬಂದ. ತಲೆಗೆ ಒಂಬತ್ತು ಹೊಲಿಗೆ, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹೇಮಲತಾಳನ್ನು ಕಂಡು ಇದ್ದ ಇನ್ನೊಂದು ಕಣ್ಣನ್ನೂ ನೆಲಕ್ಕೆ ಇಳಿಸಿದ.

ಸ್ಟೇಷನ್ನಿನ ಮುಂದೆ ಹೊಂಗೆ ಮರದ ಕೆಳಗೆ ಒಂದು ಕಲ್ಲು ಬೆಂಚು ಇತ್ತು. ಬಸಮ್ಮ, ವನಜಾ ಒಳಗೆ ಕಾಗದಗಳಿಗೆ ಕಾಯುತ್ತಿದ್ದರು. ಸಂಜೆ ನಾಲ್ಕರ ಬಿಸಿಲು ಸಾಲಾಗಿ ನಿಲ್ಲಿಸಿದ್ದ ಹಳೇ ಬೈಕುಗಳ ಮೇಲೆ ಬಿದ್ದಿತ್ತು. ಇಬ್ಬರೂ ನಡುವೆ ಒಂದು ಮೊಳ ಜಾಗ ಬಿಟ್ಟು ಕುಳಿತರು.

"ನೀವು ಬರ್ಬಾರ್ದಿತ್ತು," ಎಂದ ಶಿವಶಂಕರ.

"ನೀವು ಸುಳ್ಳು ಹೇಳ್ಬಾರ್ದಿತ್ತು."

"ನನಗೆ ಒಳಗಿರೋದು ರೂಢಿ ಇದೆ ಮೇಡಂ. ನಿಮಗೆ..."

"ನನಗೂ ರೂಢಿ ಇದೆ. ಮೂರು ವರ್ಷ ಒಂದು ಮನೆಯೊಳಗೇ ಇದ್ದೆ." ಅವಳು ಅವನ ಕಡೆ ತಿರುಗಿದಳು. "ವನಜಾ ಎಲ್ಲ ಹೇಳಿದ್ಲು. ಆವತ್ತು ನಾನು ಅಂದಿದ್ದು... ಒಂದು ಮಾತಾದ್ರೂ ತಿರುಗಿಸಿ ಹೇಳ್ಬಾರ್ದಿತ್ತಾ?"

"ನೀವು ಅಂದಿದ್ರಲ್ಲಿ ತಪ್ಪೇನಿರ್ಲಿಲ್ಲ. ಆವತ್ತು ಅವನ ಕಾಲು ಮುರಿದ ಮೇಲೂ ನಾನು ನಿಲ್ಲಿಸಿರ್ಲಿಲ್ಲ ಮೇಡಂ. ಜನ ಎಳೆದುಕೊಂಡ್ರು, ಅದಕ್ಕೆ ಅವನು ಉಳಿದ. ಆ ಸಿಟ್ಟು ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಅದಕ್ಕೇ ನಿಮ್ಮ ಹತ್ರ ಬರೋಕೆ ನನಗೇ ಭಯ ಆಗ್ತಿತ್ತು."

"ಇವತ್ತು ನಾನೂ ನಿಲ್ಲಿಸ್ತಿರ್ಲಿಲ್ಲ. ನೀವು ಹಿಡಿದ್ರಿ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

ಹೇಮಲತಾ ಉಸಿರೆಳೆದುಕೊಂಡಳು. ಇಷ್ಟು ಭಯ ಅವಳಿಗೆ ಬೇಸ್‌ಮೆಂಟಿನಲ್ಲೂ ಆಗಿರಲಿಲ್ಲ. "ನಂಗೆ ನೀವು ಬೇಕು. ಕೇಸು ಮುಗಿಯೋಕೆ ಇನ್ನೂ ಎಷ್ಟು ದಿನ ಬೇಕೋ ಗೊತ್ತಿಲ್ಲ. ನಮ್ಮಪ್ಪ ಒಪ್ಪೋದು ಕಷ್ಟ. ನಾನೂ ಒಂದೊಂದು ದಿನ ಬಾಗಿಲ ಸದ್ದಿಗೇ ಬೆಚ್ಚಿಬೀಳ್ತೀನಿ. ಇಷ್ಟೆಲ್ಲ ಇದೆ. ಆದ್ರೂ ಕೇಳ್ತಿದ್ದೀನಿ."

ಒಳಗಿನಿಂದ ಬಸಮ್ಮನ ದನಿ ಕೇಳಿಸುತ್ತಿತ್ತು. "ಆ ಹುಡುಗನ ತಲಿಗೆ ಒಂಬತ್ತು ಹೊಲಿಗಿ ಬಿದ್ದಾವ್ರೀ ಮೇಡಂ, ಅದನ್ನ ಯಾಕ ಬರೀಲಿಲ್ಲ? ಬರೀರಿ ಮೊದಲ."

ಶಿವಶಂಕರನ ಊದಿದ ಮುಖದಲ್ಲಿ ನಗು ಸರಿಯಾಗಿ ಮೂಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು.

"ಮೊದಲ್ನೇ ದಿನಾನೇ ನಿಮ್ಮನ್ನ ನೋಡಿ ಅಂದ್ಕೊಂಡಿದ್ದೆ, ಇವರ ಜೊತೆ ಒಂದು ಜನ್ಮ ಸುಮ್ನೆ ಕೂತಿದ್ರೂ ಸಾಕು ಅಂತ. ಹೇಳೋ ಧೈರ್ಯ ಇರ್ಲಿಲ್ಲ."

"ಈಗ?"

"ಈಗ ಹೇಳ್ತಿದ್ದೀನಲ್ಲ. ಎಷ್ಟು ದಿನ ಆದ್ರೂ ಇರ್ತೀನಿ, ಹೇಮಲತಾ."

ಅವಳು ನಡುವಿದ್ದ ಜಾಗವನ್ನು ದಾಟಿ ಅವನ ಪಕ್ಕಕ್ಕೆ ಸರಿದಳು.

"ತಲೆ ನೋಯ್ತಿದೆಯಾ?"

"ಬೆಳಿಗ್ಗೆಯಿಂದ ಗೊತ್ತಾಗಿರ್ಲಿಲ್ಲ. ಈಗ ತುಂಬಾ ನೋಯ್ತಿದೆ."

"ಇಲ್ಲಿ ಒರಗು."

"ಸ್ಟೇಷನ್ ಮುಂದೇನಾ? ಕಾನ್‌ಸ್ಟೇಬಲ್ ನೋಡ್ತಿದ್ದಾರೆ."

"ನೋಡ್ಲಿ ಬಿಡು," ಎಂದಳು ಹೇಮಲತಾ. ಹೊಲಿಗೆಗೆ ತಾಗದಂತೆ ಅವನ ತಲೆಯನ್ನು ಹಿಡಿದು ತನ್ನ ಭುಜಕ್ಕೆ ಒರಗಿಸಿಕೊಂಡಳು.